ಮಳೆನೀರಿಗೆ ಜಾಗ ಬಿಟ್ಟ ಉದ್ಯಾನ: ಬಾಸ್ಟನ್ನಿನ ಬ್ಯಾಕ್ ಬೇ ಫೆನ್ಸ್

ಅಮೆರಿಕದ ಬಾಸ್ಟನ್ ನಗರದ ಬ್ಯಾಕ್ ಬೇ ಫೆನ್ಸ್ ಇಂದು ಹೆಸರಾಂತ ಉದ್ಯಾನ. ಆದರೆ ಅದನ್ನು ಕಟ್ಟಿಸಿದ್ದು ಪ್ರವಾಹ ಮತ್ತು ಕೊಳಚೆಯ ಕಾಟ.

ಚಾರ್ಲ್ಸ್ ನದಿ ಸಮುದ್ರ ಸೇರುವಲ್ಲಿದ್ದ ಹಿನ್ನೀರಿಗೆ 1821ರಲ್ಲಿ ಅಡ್ಡಲಾಗಿ ಕಟ್ಟೆ ಹಾಕಲಾಯಿತು; ಉಬ್ಬರದ ನೀರಿನ ಬಲದಿಂದ ಗಿರಣಿ ನಡೆಸುವುದು ಉದ್ದೇಶ. ಕಟ್ಟೆಯ ಹಿಂದೆ ನೀರಿನ ಓಡಾಟ ಕುಂದಿ, ನಗರದ ಕೊಳಚೆ ಅಲ್ಲೇ ನಿಂತು ನಾರತೊಡಗಿತು. 1850ರ ದಶಕದ ಕೊನೆಯಿಂದ ನೀಡಮ್ ಊರಿನ ಗರಸುಮಣ್ಣನ್ನು ರೈಲಿನಲ್ಲಿ ತಂದು ಸುರಿದು, ಆ ಹಿನ್ನೀರನ್ನು ಮುಚ್ಚಿ ಬಡಾವಣೆ ಮಾಡಿದರು. ಸ್ಟೋನಿ ಬ್ರೂಕ್, ಮಡ್ಡಿ ರಿವರ್ ಎಂಬ ಎರಡು ತೊರೆಗಳು ಮಾತ್ರ ಅಲ್ಲಿಗೇ ಹರಿದು ಬರುತ್ತಿದ್ದವು. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದಾಗ ಅವುಗಳ ನೀರಿಗೆ ಹೊರದಾರಿಯೇ ಇರಲಿಲ್ಲ.

ಉಳಿದ ಜೌಗಿನಲ್ಲಿ ಉದ್ಯಾನ ಮಾಡಲು ನಗರವು 1878ರಲ್ಲಿ ವಿನ್ಯಾಸ ಸ್ಪರ್ಧೆ ನಡೆಸಿತು. ಗೆದ್ದ ನಕ್ಷೆಯನ್ನು ಬದಿಗಿಟ್ಟು, ಕೆಲಸವನ್ನು ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಅವರಿಗೆ ವಹಿಸಲಾಯಿತು. ಓಮ್‌ಸ್ಟೆಡ್ ಮತ್ತು ನಗರದ ಎಂಜಿನಿಯರ್ ಜೋಸೆಫ್ ಡೇವಿಸ್ ಕೂಡಿ ರೂಪಿಸಿದ ಏರ್ಪಾಡಿನ ಜಾಣ್ಮೆ ಇಂದಿಗೂ ಗೌರವ ಹುಟ್ಟಿಸುತ್ತದೆ. ಕೊಳಚೆಗೆ ಬೇರೆ ಕೊಳವೆ. ತೊರೆಗಳ ದಿನನಿತ್ಯದ ನೀರಿಗೆ ಚಾರ್ಲ್ಸ್ ನದಿಗೆ ಸಾಗುವ ನೆಲದಡಿಯ ದಾರಿ. ಮಳೆಯ ಹೆಚ್ಚುವರಿ ನೀರು ಬಂದು ನಿಲ್ಲಲು ತಗ್ಗಾದ, ಅಂಕುಡೊಂಕಾದ ಕೊಳ. ಕೊಳದ ಬಾಯಿಗಿಟ್ಟ ಗೇಟು ಉಬ್ಬರದ ಏರಿಳಿತವನ್ನು ಸುಮಾರು ಒಂದು ಅಡಿಗೆ ಮಿತಗೊಳಿಸುತ್ತಿತ್ತು. ದಂಡೆಗೆ ಕಲ್ಲಿನ ಗೋಡೆ ಕಟ್ಟದೆ ಇಳಿಜಾರು ಬಿಟ್ಟು, ಉಪ್ಪುನೀರನ್ನು ತಾಳುವ ಹುಲ್ಲನ್ನು ಬೆಳೆಸಿದರು. ನೀರು ಏರಿದಾಗ ಹುಲ್ಲುಗಾವಲು ಮುಳುಗುವುದು, ಇಳಿದಾಗ ಮತ್ತೆ ಕಾಣುವುದು ಯೋಜನೆಯ ಭಾಗವೇ ಆಗಿತ್ತು. ಅಲೆಗಳ ಹೊಡೆತವನ್ನು ತಗ್ಗಿಸುವ ಕೆಲಸವೂ ಹುಲ್ಲಿನದೇ. ಓಮ್‌ಸ್ಟೆಡ್ ಇದನ್ನು ಮೊದಲಿಗೆ ನೈರ್ಮಲ್ಯದ ಕಾಮಗಾರಿಯೆಂದೇ ಬಗೆದಿದ್ದರು. ಮುಂದೆ ಮಡ್ಡಿ ರಿವರ್ ದಂಡೆಯೂ ಇದೇ ಕ್ರಮದಲ್ಲಿ ರೂಪುಗೊಂಡು, 'ಎಮರಾಲ್ಡ್ ನೆಕ್ಲೇಸ್' ಎಂಬ ಉದ್ಯಾನಗಳ ಸಾಲಿಗೆ ಸೇರಿತು.

1910ರಲ್ಲಿ ಚಾರ್ಲ್ಸ್ ನದಿಗೆ ಅಣೆಕಟ್ಟು ಬಂದು ಸಮುದ್ರದ ನೀರು ಒಳಬರುವುದು ನಿಂತಿತು. ಉಪ್ಪುನೀರಿನ ಗಿಡಗಳು ಸತ್ತವು. 1920ರ ದಶಕದಲ್ಲಿ ವಿನ್ಯಾಸಕ ಆರ್ಥರ್ ಶರ್ಕ್ಲಿಫ್ ಉದ್ಯಾನಕ್ಕೆ ಹೊಸ ರೂಪ ಕೊಟ್ಟರು. ಗುಲಾಬಿ ತೋಟ, ಆಟದ ಬಯಲುಗಳು ಬಂದವು. ದಂಡೆಯಲ್ಲಿ ಎತ್ತರದ ಆಪುಹುಲ್ಲು ದಟ್ಟವಾಗಿ ಹಬ್ಬಿತು, ತಳದಲ್ಲಿ ಹೂಳು ತುಂಬಿತು. ಎಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು 1950ರ ದಶಕದಲ್ಲಿ: ಕಾರು ನಿಲ್ಲಿಸುವ ಜಾಗಕ್ಕಾಗಿ ಮಡ್ಡಿ ರಿವರ್‌ನ ಒಂದು ಭಾಗವನ್ನು ಕೊಳವೆಗೆ ತುರುಕಿ ಮೇಲೆ ಮಣ್ಣು ಮುಚ್ಚಲಾಯಿತು. ನಗರ ಬೆಳೆದು ನೀರು ಹೆಚ್ಚುತ್ತಿದ್ದ ಕಾಲದಲ್ಲೇ ಅದರ ದಾರಿಯನ್ನು ಕಿರಿದು ಮಾಡಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

1996ರ ಅಕ್ಟೋಬರ್‌ನಲ್ಲಿ ಸುರಿದ ಭಾರಿ ಮಳೆಗೆ ಮಡ್ಡಿ ರಿವರ್ ಉಕ್ಕಿ, ನೀರು ಕೆನ್ಮೋರ್ ಸುರಂಗ ರೈಲು ನಿಲ್ದಾಣಕ್ಕೆ ನುಗ್ಗಿತು. ಆ ಬಳಿಕ ಅಮೆರಿಕದ ಸೇನಾ ಎಂಜಿನಿಯರುಗಳ ದಳ, ಬಾಸ್ಟನ್, ನೆರೆಯ ಬ್ರೂಕ್‌ಲೈನ್ ಊರು ಮತ್ತು ರಾಜ್ಯ ಸರ್ಕಾರ ಸೇರಿ ನದಿಯ ಪುನರುಜ್ಜೀವನ ಕೈಗೊಂಡವು. ಮೊದಲ ಹಂತದ ಕೆಲಸ 2016ರಲ್ಲಿ ಮುಗಿದು, ಹೂತಿದ್ದ ಹರಿವು ಮತ್ತೆ ಬಯಲಿಗೆ ಬಂತು. ಎರಡನೆಯ ಹಂತದಲ್ಲಿ ಹೂಳೆತ್ತಿ, ಆಪುಹುಲ್ಲು ಕಿತ್ತು, ಸ್ಥಳೀಯ ಗಿಡಗಳನ್ನು ನೆಡುವ ಕೆಲಸ ನಡೆಯಿತು. ಅಣೆಕಟ್ಟು ಇರುವವರೆಗೆ ಓಮ್‌ಸ್ಟೆಡ್ ಬೆಳೆಸಿದ ಉಪ್ಪುನೀರಿನ ಹುಲ್ಲುಗಾವಲು ಮರಳಿ ಬರುವಂತಿಲ್ಲ.