ಎಳೆಬಂಡಿಯ ಎರಡು ಜನ್ಮ: ಬೆಂಗಳೂರು ದಂಡುಪ್ರದೇಶದ ಗುಜರಿ ಅಚ್ಚು ಮತ್ತು ವಾಹನ ಶಾಸನ

ನಮ್ಮ ಚರಿತ್ರಕಾರರು ಅರಸರ ರಥಗಳನ್ನು ವರ್ಣಿಸಿದಷ್ಟು ಆಸ್ಥೆಯಿಂದ ಸರಕಿನ ಬಂಡಿಗಳನ್ನು ವಿಚಾರಿಸಿಲ್ಲ. ಬಂಡಿಯು ಶಾಸನದ ಕಲ್ಲಿನ ಮೇಲೆ ಕಾಣುವುದು ಸುಂಕದ ಲೆಕ್ಕದಲ್ಲಿ ಮಾತ್ರ. ಅದನ್ನು ಕಟ್ಟಿದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಹಳೆಯ ಮೋಟಾರಿನ ಅಚ್ಚು, ಚಕ್ರ, ಕಮಾನುಪಟ್ಟಿಗಳನ್ನು ಕೂಡಿಸಿ ಕಟ್ಟಿದ ಎರಡು ಚಕ್ರದ ಎಳೆಬಂಡಿ, ಎಂದರೆ ಜನರ ಮಾತಿನ ಟ್ರೇಲರ್, ಪ್ರಸ್ತುತ ಲೇಖನದ ವಿಷಯ. ಬೆಂಗಳೂರಿನ ದಂಡುಪ್ರದೇಶ ಮತ್ತು ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಹಬ್ಬಿದ ಅದರ ಪೂರ್ವಭಾಗ ನಮ್ಮ ಕ್ಷೇತ್ರ. ಇಂಥ ಬಂಡಿಗೆ ಎರಡು ಜನ್ಮಗಳುಂಟೆಂದೂ, ಒಂದು ಕಮ್ಮಾರನ ಕೈಯಲ್ಲಿ, ಇನ್ನೊಂದು ಸರ್ಕಾರದ ದಫ್ತರದಲ್ಲಿ ಆಗುವುದೆಂದೂ, ಎರಡರ ನಡುವಿನ ಅಂತರದ ಬೆಲೆಯನ್ನು ತೆರುವವನು ಬಹುಮಟ್ಟಿಗೆ ಬಡವನೇ ಎಂದೂ ತೋರಿಸುವುದು ನಮ್ಮ ಉದ್ದೇಶ.

೧೮೦೯ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಪಕ್ಕಕ್ಕೆ ಬಂದು ನೆಲೆಸಿತು. ಆ ಕಾಲದ ಸೇನೆಯೆಂದರೆ ಅರ್ಧದಷ್ಟು ಬಂಡಿ, ಎತ್ತು ಮತ್ತು ಹೊರೆಯಾಳುಗಳ ಸಮೂಹ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ತಳಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆದು, ೧೭೯೯ರ ತರುವಾಯ ಆಂಗ್ಲರ ತೋಪುಗಳನ್ನು ಎಳೆಯಲು ಒದಗಿತು. ತೋಪನ್ನು ನೇರವಾಗಿ ಎತ್ತುಗಳಿಗೆ ಕಟ್ಟುತ್ತಿರಲಿಲ್ಲ. ಅದರ ಹಿಂಬಾಲವನ್ನು ಎರಡು ಚಕ್ರದ ಇನ್ನೊಂದು ಮುಂಬಂಡಿಗೆ ಕೊಕ್ಕೆಯಿಂದ ಸಿಕ್ಕಿಸಿ, ಆ ಮುಂಬಂಡಿಯನ್ನು ಎಳೆಸುತ್ತಿದ್ದರು. ವಾಹನದ ಹಿಂದೆ ವಾಹನವನ್ನು ಕೊಂಡಿಯಿಂದ ಕೂಡಿಸುವ ಈ ತಂತ್ರವು ಮೋಟಾರಿಗಿಂತ ಬಹು ಹಳೆಯದೆಂಬುದನ್ನು ಇಲ್ಲಿ ಗಮನಿಸಬೇಕು.

೧೮೬೪ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ದಂಡಿಗೆ ಬಂದಿತು. ಆದರೂ ನಿಲ್ದಾಣದಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಸರಕನ್ನು ಮುಟ್ಟಿಸಲು ಬಂಡಿಯೇ ಬೇಕಾಗಿತ್ತು. ಈ ಬಂಡಿಗಳು ನಡೆದ ಊರು ಒಂದೇ ಆಗಿ ಕಂಡರೂ ಆಡಳಿತದಲ್ಲಿ ಎರಡಾಗಿತ್ತು. ೧೮೬೨ರಿಂದ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಿದ್ದವು. ೧೮೮೧ರಲ್ಲಿ ಮೈಸೂರು ಒಡೆಯರಿಗೆ ರಾಜ್ಯವು ಮರಳಿದಾಗಲೂ ದಂಡು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ರೆಸಿಡೆಂಟನ ಆಡಳಿತದಲ್ಲಿಯೇ ಉಳಿಯಿತು. ೧೯೪೭ರ ಜುಲೈಯಲ್ಲಿ ಅದು ಮೈಸೂರಿಗೆ ಹಿಂದಿರುಗಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದು ನಗರಸಭೆಯಾಯಿತು. ಅಲ್ಲಿಯವರೆಗೆ ಪೇಟೆಯ ಗಾಡಿಯವನು ದಂಡಿಗೆ ಬಂದಾಗ ರಸ್ತೆಯ ಜೊತೆಗೆ ಅಧಿಕಾರವೂ ಬದಲಾಗುತ್ತಿತ್ತು.

ಎರಡನೆಯ ಮಹಾಯುದ್ಧವು ಈ ಚರಿತ್ರೆಯ ಮುಖ್ಯ ತಿರುವು. ಬೆಂಗಳೂರು ದೊಡ್ಡ ಸೇನಾನೆಲೆಯಾಯಿತು. ಜೀಪಿನ ಜೊತೆಗೆ ಕಾಲು ಟನ್ ಹೊರೆ ಹೊರುವ ಎರಡು ಚಕ್ರದ ಸಣ್ಣ ಟ್ರೇಲರ್ ಆ ಯುದ್ಧದಲ್ಲಿ ಲೋಕದಾದ್ಯಂತ ಹರಡಿತು. ಯುದ್ಧ ಮುಗಿದ ಮೇಲೆ ಸರ್ಕಾರದ ಡಿಸ್ಪೋಸಲ್ಸ್ ಇಲಾಖೆಯು ಹೆಚ್ಚುವರಿಯಾದ ಜೀಪು, ಲಾರಿ, ಬಿಡಿಭಾಗಗಳನ್ನು ಮಾರಿತು. ಹಿಂದೆ ಬ್ಲ್ಯಾಕ್‌ಪಲ್ಲಿ ಎಂದು ಕರೆಯಲ್ಪಡುತ್ತಿದ್ದ ಶಿವಾಜಿನಗರದ ಗುಜರಿ ಅಂಗಡಿಗಳು ಇಂದಿಗೂ ಹಳೆಯ ಮೋಟಾರು ಭಾಗಗಳಿಗೆ ಹೆಸರಾಗಿವೆ. ಇಂಥ ಅಂಗಡಿಗಳಲ್ಲಿ ಸತ್ತ ಲಾರಿಯ ಅಚ್ಚು ಬಂಡಿಯ ಅಚ್ಚಾಗುತ್ತದೆ. ಮರದ ಗುಂಬ, ಕಬ್ಬಿಣದ ಪಟ್ಟಿಯ ಚಕ್ರಗಳಿಗೆ ಬದಲಾಗಿ ರಬ್ಬರು ಚಕ್ರಗಳನ್ನು ಹೊಂದಿದ ಟೈರು ಗಾಡಿಯು ಹಳ್ಳಿಗಾಡಿನಲ್ಲೆಲ್ಲ ಪರಿಚಿತವಾಯಿತು. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯು ೧೯೭೩ರಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ಗಂಭೀರ ಸಂಶೋಧನೆಯ ವಿಷಯವನ್ನಾಗಿ ಮಾಡಿದರೆಂಬುದು ಸ್ಮರಣೀಯ.

ಕಟ್ಟುವ ವಿದ್ಯೆಯನ್ನು ಕುರಿತು ಎರಡು ಮಾತು. ಎರಡು ಚಕ್ರದ ಬಂಡಿಯಲ್ಲಿ ಭಾರವೆಲ್ಲ ಅಚ್ಚಿನ ಸುತ್ತ ತೂಗುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳನ್ನು ಹಗ್ಗ ಬಿಗಿಯುತ್ತದೆ. ಮುಂಭಾರ ಅತಿಯಾದರೆ ಅದರ ಹೆಗಲು ಹುಣ್ಣಾಗುತ್ತದೆ. ಜೀಪಿನ ಹಿಂದಿನ ಟ್ರೇಲರಿಗೂ ಇದೇ ನಿಯಮ. ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಬೀಳಬೇಕು. ಹಿಂಭಾರವಾದ ಟ್ರೇಲರು ವೇಗ ಹೆಚ್ಚಿದೊಡನೆ ಹಾವಿನಂತೆ ಹೊರಳುತ್ತ ಎಳೆಯುವ ವಾಹನವನ್ನೇ ರಸ್ತೆಯಿಂದ ತಪ್ಪಿಸಬಲ್ಲದು. ಗಾಡಿ ಕಟ್ಟುವ ಆಚಾರಿಯು ಮೂಕಿಯನ್ನು ಕೈಯಿಂದ ಎತ್ತಿ ನೋಡಿ ತಿಳಿಯುತ್ತಿದ್ದುದನ್ನು ಯಂತ್ರಶಾಸ್ತ್ರವು ಅಂಕಿಯಲ್ಲಿ ಹೇಳುತ್ತದೆ. ಆದುದರಿಂದ ಮೊದಲ ಜನ್ಮದ ಮಟ್ಟಿಗೆ ಎತ್ತಿನ ಗಾಡಿಗೂ ಟ್ರೇಲರಿಗೂ ಹೆಚ್ಚಿನ ಭೇದವಿಲ್ಲ.

ಭೇದವೆಲ್ಲ ಎರಡನೆಯ ಜನ್ಮದಲ್ಲಿದೆ. ಸಂವಿಧಾನದ ಏಳನೆಯ ಅನುಸೂಚಿಯು ಯಂತ್ರಚಾಲಿತ ವಾಹನಗಳನ್ನು ಸಮವರ್ತಿ ಪಟ್ಟಿಯಲ್ಲಿಯೂ ಉಳಿದ ವಾಹನಗಳನ್ನು ರಾಜ್ಯಪಟ್ಟಿಯಲ್ಲಿಯೂ ಇರಿಸಿದೆ. ೧೯೩೯ರ ಮೋಟಾರು ವಾಹನಗಳ ಕಾಯಿದೆಯಂತೆ ಅದರ ಸ್ಥಾನಕ್ಕೆ ಬಂದ ೧೯೮೮ರ ಕಾಯಿದೆಯೂ, ಮೋಟಾರು ವಾಹನವು ಎಳೆಯುವ ಅಥವಾ ಎಳೆಯಲೆಂದು ಉದ್ದೇಶಿಸಿದ ವಾಹನವೇ ಟ್ರೇಲರು ಎಂದು ಹೇಳುತ್ತದೆ. ಮೋಟಾರು ವಾಹನ ಎಂಬ ಪದದ ಅರ್ಥದಲ್ಲಿ ಟ್ರೇಲರೂ ಅಡಕವಾಗಿದೆ. ಎಂಜಿನ್ನೇ ಇಲ್ಲದ ಬಂಡಿಯು ಹೀಗೆ ಶಾಸನದ ದೃಷ್ಟಿಯಲ್ಲಿ ಮೋಟಾರು ವಾಹನವಾಗುತ್ತದೆ! ಒಂದೇ ಅಚ್ಚು, ಒಂದೇ ಹಲಗೆ. ಎತ್ತು ಎಳೆದಾಗ ಒಂದು ಪಟ್ಟಿಗೆ, ಜೀಪಿಗಾಗಿ ಕೊಂಡಿ ಬೆಸೆದಾಗ ಇನ್ನೊಂದು ಪಟ್ಟಿಗೆ ಸೇರುತ್ತದೆ.

೧೯೮೮ರ ಕಾಯಿದೆಯ ೬೧ನೆಯ ಪ್ರಕರಣದ ಮೇರೆಗೆ ಟ್ರೇಲರಿಗೆ ಪ್ರತ್ಯೇಕ ನೋಂದಣಿಯಾಗಬೇಕು. ಅದರ ಸಂಖ್ಯೆ ಪಕ್ಕದಲ್ಲಿಯೂ, ಎಳೆಯುವ ವಾಹನದ ಸಂಖ್ಯೆ ಟ್ರೇಲರಿನ ಮೇಲೆಯೂ ಇರಬೇಕು. ಬೆಂಗಳೂರು ಪೂರ್ವದ ಕೆಎ-೦೩ ಅಥವಾ ಕೃಷ್ಣರಾಜಪುರದ ಕೆಎ-೫೩ ಎಂಬ ಗುರುತಿನ ವಾಹನಗಳ ನಡುವೆ ಹಳೆಯ ಮದರಾಸು ರಸ್ತೆಯಲ್ಲಿ ಸಾಗುವ ಟ್ರಾಕ್ಟರನ್ನು ನೋಡಿದರೆ ವಿದ್ಯಾರ್ಥಿಗಳು ಈ ಎರಡು ಸಂಖ್ಯೆಗಳ ಮರ್ಮವನ್ನು ತಿಳಿಯಬಹುದು. ನೋಂದಣಿಯಿಲ್ಲದೆ ರಸ್ತೆಗಿಳಿಸಿದರೆ ಮೊದಲ ತಪ್ಪಿಗೇ ಎರಡು ಸಾವಿರದಿಂದ ಐದು ಸಾವಿರ ರೂಪಾಯಿಗಳವರೆಗೆ ದಂಡವುಂಟು. ನೋಂದಣಿಗೆ ಮಾರಾಟದ ಪ್ರಮಾಣಪತ್ರವನ್ನೂ ತಯಾರಕನು ಕೊಡುವ ರಸ್ತೆಯೋಗ್ಯತೆಯ ಪತ್ರವನ್ನೂ ಕೇಳುತ್ತಾರೆ. ಬೀದಿಯ ಕುಲುಮೆಯಲ್ಲಿ ಹುಟ್ಟಿದ ಬಂಡಿಗೆ ತಯಾರಕನಿದ್ದಾನೆ, ಪತ್ರವಿಲ್ಲ.

ಗುಜರಿಯಿಂದ ಕಟ್ಟಿದುದೆಲ್ಲ ಕೀಳೆಂಬ ಭಾವನೆಗೆ ಆಧಾರವಿಲ್ಲ. ಇದೇ ಪೂರ್ವಭಾಗದಲ್ಲಿ ೧೯೪೦ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಉದಾಹರಣೆ ನಮ್ಮ ಕಣ್ಣಮುಂದಿದೆ. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು ಈ ಕಾರ್ಖಾನೆಯವರು ೧೯೪೮ರಿಂದ ಕೂಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ಣವಾಗಿ ದುರಸ್ತಿ ಮಾಡಿದರು. ಅವು ೧೯೬೮ರವರೆಗೆ ವಾಯುಸೇನೆಯಲ್ಲಿ ದುಡಿದವು. ಕಾರ್ಖಾನೆಯ ಕೆಲಸಕ್ಕೂ ಬೀದಿಯ ಕೆಲಸಕ್ಕೂ ಇರುವ ಅಂತರ ಹಳೆಯ ಲೋಹದಲ್ಲಿಲ್ಲ. ಕಟ್ಟಿದುದನ್ನು ಪರೀಕ್ಷಿಸಿ ಹೊಣೆ ಹೊರುವ ವ್ಯವಸ್ಥೆ ಒಂದೆಡೆ ಇತ್ತು, ಇನ್ನೊಂದೆಡೆ ಇರಲಿಲ್ಲ.

ಈ ಹೊಣೆಯ ಪ್ರಶ್ನೆಯೇ ನ್ಯಾಯಾಲಯಗಳ ಮುಂದೆಯೂ ಬಂದಿತು. ಕರ್ನಾಟಕದ ಒಂದು ಅಪಘಾತದ ಪ್ರಕರಣದಲ್ಲಿ, ಟ್ರಾಕ್ಟರ್ ನಡೆಸಲು ಅನುಮತಿ ಪಡೆದವನು ಟ್ರೇಲರು ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲವೆಂದು ೨೦೦೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ನಟವರ್ ಪಾರಿಖ್ ಕಂಪನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ವ್ಯಾಜ್ಯದಲ್ಲಿ, ಟ್ರಾಕ್ಟರ್ ಮತ್ತು ಟ್ರೇಲರಿನ ಜೋಡಿಯು ಸರಕು ಸಾಗಣೆಯ ವಾಹನವಾದುದರಿಂದ ಅದಕ್ಕೆ ರಹದಾರಿ ಬೇಕೆಂದು ೨೦೦೫ರಲ್ಲಿ ತೀರ್ಪಿತ್ತಿತು. ಇವು ಬರಿಯ ಶಬ್ದಾರ್ಥದ ಚರ್ಚೆಗಳಲ್ಲ. ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಬರುವ ಕೂಲಿಯವನು ಬಿದ್ದು ಸತ್ತರೆ ವಿಮೆಯಿಲ್ಲದ ಟ್ರೇಲರಿನ ಮಾಲೀಕನೇ ಪರಿಹಾರ ತೆರಬೇಕು. ಅವನೂ ಬರಿಗೈಯವನಾದರೆ ವಿಧವೆಗೆ ಉಳಿಯುವುದು ತೀರ್ಪಿನ ಪ್ರತಿ ಮಾತ್ರ.

ಒಟ್ಟಿನಲ್ಲಿ ದಫ್ತರವನ್ನು ಕೇವಲ ಸುಂಕದ ಸಾಧನವೆಂದು ತಿಳಿಯುವುದು ಸರಿಯಲ್ಲ. ಬಂಡಿಯ ಹಿಂದಿನ ಮನುಷ್ಯನನ್ನು ಗುರುತಿಸುವ ಸಾಧನವೂ ಅದೇ. ಹಾಗೆಯೇ ಕುಲುಮೆಯನ್ನು ಕಾನೂನಿನ ಹೊರಗಿಟ್ಟು ದಂಡ ವಿಧಿಸುವುದರಿಂದ ಬಂಡಿಗಳು ನಿಲ್ಲಲಾರವು. ಕೊಂಡಿ, ಬಿರಿ, ಹಿಂಬದಿಯ ಕೆಂಪು ಪ್ರತಿಫಲಕ ಇವುಗಳನ್ನು ಅಲ್ಪ ವೆಚ್ಚದಲ್ಲಿ ಪರೀಕ್ಷಿಸಿ ಪತ್ರ ಕೊಡುವ ಏರ್ಪಾಡು ಕುಶಲಕರ್ಮಿಯ ಬಾಗಿಲಿಗೆ ಬಂದರೆ ಎರಡು ಜನ್ಮಗಳ ನಡುವಿನ ಅಂತರ ಕಿರಿದಾದೀತು. ಚರಿತ್ರೆಯ ವಿದ್ಯಾರ್ಥಿಗಳು ಶಿವಾಜಿನಗರದ ಕುಲುಮೆಗಳ ಕೆಲಸವನ್ನೂ ಸಾರಿಗೆ ಕಚೇರಿಯ ದಾಖಲೆಗಳನ್ನೂ ಒಟ್ಟಿಗೆ ಓದಿದಲ್ಲಿ, ಈ ನಗರವನ್ನು ಎಳೆದು ತಂದವರ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತೆಂದು ನಾವು ನಂಬುತ್ತೇವೆ.