ಹಿಗೊನೊಕಾಮಿ: ಒಂದು ಕಿರುಚೂರಿಯ ವೃತ್ತಾಂತ

ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಆಯುಧಗಳ ಹೆಸರುಗಳನ್ನು ಹೇಳುತ್ತ, ಕಿರುಗತ್ತಿಗೆ ಶಸ್ತ್ರೀ, ಛುರಿಕಾ, ಅಸಿಧೇನುಕಾ ಎಂಬ ಪದಗಳೊಡನೆ ಅಸಿಪುತ್ರೀ ಎಂಬ ಪದವನ್ನೂ ಕೊಟ್ಟಿದ್ದಾನೆ. ಅಸಿಯೆಂದರೆ ಖಡ್ಗ, ಅಸಿಪುತ್ರಿಯೆಂದರೆ ಖಡ್ಗದ ಮಗಳು. ನಮ್ಮ ಚೂರಿಯೆಂಬ ಮಾತೂ ಆ ಛುರಿಕೆಯ ಬಳಗಕ್ಕೇ ಸೇರಿದುದು. ತಂದೆಯಾದ ಖಡ್ಗವು ರಣರಂಗವನ್ನು ಸೇರಿದರೆ, ಮಗಳಾದ ಚೂರಿಯು ಮನೆವಾರ್ತೆಯನ್ನು ವಹಿಸಿಕೊಂಡು ಹಣ್ಣು ಹೆಚ್ಚುತ್ತ, ಹಗ್ಗ ಕೊಯ್ಯುತ್ತ, ಲೇಖನಿಯನ್ನು ಹರಿತಮಾಡುತ್ತ ಬಾಳುವಳು. ಈ ನಂಟು ಬರಿಯ ಕವಿಕಲ್ಪನೆಯೋ, ಚರಿತ್ರೆಯಲ್ಲಿ ಇದಕ್ಕೆ ಆಧಾರವುಂಟೋ ಎಂದು ವಿಚಾರಿಸುವವರಿಗೆ ಜಪಾನ್ ದೇಶದ ಒಂದು ಅಗ್ಗದ ಮಡಿಸುವ ಚೂರಿಯ ಕಥೆ ಬಹಳ ಉಪಯುಕ್ತವಾಗಿದೆ. ಅದರ ಹೆಸರು ಹಿಗೊನೊಕಾಮಿ.

ಯೂರೋಪು ಅಮೆರಿಕಗಳಲ್ಲಿ ಜೇಬಿನ ಚೂರಿಗಳನ್ನು ಕೂಡಿಹಾಕುವ ರಸಿಕರು ಅನೇಕರಿದ್ದಾರೆ. ದಂತದ ಹಿಡಿಯ, ಬೆಳ್ಳಿಯ ಕುಸುರಿಯ ಬೆಲೆಬಾಳುವ ಚೂರಿಗಳನ್ನು ಬಿಟ್ಟು, ರೈತನೂ ವಿದ್ಯಾರ್ಥಿಯೂ ಕೊಳ್ಳಬಹುದಾದ ಅಗ್ಗದ ಚೂರಿಗಳನ್ನೇ ಅರಸುವ ಒಂದು ಪಂಗಡ ಅವರಲ್ಲುಂಟು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬಾತನು ನಿರ್ಮಿಸಿದ ಮರದ ಹಿಡಿಯ ಚೂರಿಗೂ, ಸರಿಸುಮಾರು ಅದೇ ದಶಕದಲ್ಲಿ ಹುಟ್ಟಿದ ಹಿಗೊನೊಕಾಮಿಗೂ ಇವರಲ್ಲಿ ವಿಶೇಷ ಮನ್ನಣೆ. ಹಿಗೊನೊಕಾಮಿಯನ್ನು ಕುರಿತು ಇವರು ಹೇಳುವ ಕಥೆ ಹೀಗಿದೆ: ಮೇಯ್‌ಜಿ ಚಕ್ರವರ್ತಿಯ ಸರ್ಕಾರವು 1876ರ ಮಾರ್ಚಿಯಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು, ಸೈನಿಕರು, ಆರಕ್ಷಕರು ಮುಂತಾದ ಕೆಲವರನ್ನುಳಿದು ಉಳಿದ ಸಮುರಾಯ್ ಯೋಧರೆಲ್ಲರ ಸೊಂಟ ಬರಿದಾಯಿತು, ಖಡ್ಗ ಮಾಡುತ್ತಿದ್ದ ಕಮ್ಮಾರರು ಹೊಟ್ಟೆಪಾಡಿಗಾಗಿ ಈ ಕಿರುಚೂರಿಯನ್ನು ಮಾಡತೊಡಗಿದರು, ಆದುದರಿಂದ ಇದರ ಅಲಗಿನಲ್ಲಿ ಸಮುರಾಯ್ ಖಡ್ಗದ ರಕ್ತವೇ ಹರಿಯುತ್ತಿದೆ. ಅಮರಸಿಂಹನ ಅಸಿಪುತ್ರಿ ಜಪಾನಿನಲ್ಲಿ ಸಾಕ್ಷಾತ್ತಾಗಿ ಹುಟ್ಟಿದಂತಾಯಿತು!

ಕಥೆ ಸೊಗಸಾಗಿದೆ, ಆದರೆ ಒಪ್ಪತಕ್ಕದ್ದಲ್ಲ. ನಿಷೇಧಾಜ್ಞೆ ನಿಜ, ಖಡ್ಗದ ಕಮ್ಮಾರರಲ್ಲಿ ಹಲವರು ಅಡಿಗೆಮನೆಯ ಕತ್ತಿ, ಕೃಷಿಯ ಸಲಕರಣೆಗಳ ಕಡೆಗೆ ತಿರುಗಿದುದೂ ನಿಜ. ಆದರೆ ಹಿಗೊನೊಕಾಮಿ ಹುಟ್ಟಿದುದು ಖಡ್ಗಗಳ ಊರಿನಲ್ಲಲ್ಲ. ಹ್ಯೋಗೊ ಪ್ರಾಂತದ ಮಿಕಿ ಎಂಬ ಪಟ್ಟಣ ಅದರ ತವರು. ಈ ಪಟ್ಟಣದ ಪೂರ್ವಕಥೆಯನ್ನು ಅರಿಯದೆ ಚೂರಿಯ ಕುಲವನ್ನು ನಿರ್ಣಯಿಸುವುದು ಸಾಧ್ಯವಿಲ್ಲ.

16ನೆಯ ಶತಮಾನದ ಕೊನೆಯ ಭಾಗದಲ್ಲಿ ಮಿಕಿಯ ಕೋಟೆಯು ಬೆಸ್ಶೊ ನಗಹರು ಎಂಬ ತರುಣ ನಾಯಕನ ಅಧೀನದಲ್ಲಿತ್ತು. ಮುಂದೆ ತೊಯೊತೊಮಿ ಎಂಬ ವಂಶನಾಮದಿಂದ ಇಡೀ ಜಪಾನನ್ನು ಒಂದುಗೂಡಿಸಿದ ಹಿದೆಯೊಷಿಯು ಆಗ ತನ್ನ ಒಡೆಯನಾದ ಒದ ನೊಬುನಗನ ಪರವಾಗಿ 1578ರಲ್ಲಿ ಈ ಕೋಟೆಗೆ ಮುತ್ತಿಗೆ ಹಾಕಿದನು. ಆತನು ಕೋಟೆಗೆ ಲಗ್ಗೆಹತ್ತಲಿಲ್ಲ. ಸುತ್ತಣ ದಾರಿಗಳನ್ನೆಲ್ಲ ಕಟ್ಟಿ, ಒಳಕ್ಕೆ ಒಂದು ಹಿಡಿ ಧಾನ್ಯವೂ ಹೋಗದಂತೆ ಮಾಡಿ ಕಾದನು. ಎರಡು ವರ್ಷಕ್ಕೆ ತುಸು ಕಡಮೆಯಾದ ಅವಧಿಯಲ್ಲಿ ಒಳಗಿನವರು ಕುದುರೆಗಳನ್ನೂ ಹುಲ್ಲುಬೇರುಗಳನ್ನೂ ತಿಂದು ಮುಗಿಸಿದರೆಂದು ಹೇಳುತ್ತಾರೆ. ಮಿಕಿಯ ಕೊರೆಗೊಲೆ ಎಂಬರ್ಥದ ಹೆಸರಿನಿಂದ ಜಪಾನೀಯರು ಈ ಮುತ್ತಿಗೆಯನ್ನು ಇಂದಿಗೂ ಸ್ಮರಿಸುತ್ತಾರೆ. 1580ರ ಆರಂಭದಲ್ಲಿ ನಗಹರುವು ಉಳಿದವರ ಪ್ರಾಣವನ್ನು ಬೇಡಿಕೊಂಡು ತಾನು ಆತ್ಮಹತ್ಯೆ ಮಾಡಿಕೊಂಡನು.

ಊರು ಸುಟ್ಟು ಹಾಳಾಗಿತ್ತು. ಹಿದೆಯೊಷಿಯು ಅದನ್ನು ಮತ್ತೆ ಕಟ್ಟಿಸುವುದಕ್ಕಾಗಿ ತೆರಿಗೆಗಳನ್ನು ಮನ್ನಾ ಮಾಡಿದನು. ಓಡಿಹೋಗಿದ್ದ ಪ್ರಜೆಗಳು ಹಿಂದಿರುಗಿದರು. ಮನೆ ಮಂದಿರಗಳನ್ನು ಕಟ್ಟುವ ಬಡಗಿಗಳು ಬಂದರು. ಬಡಗಿಗಳ ಬೆನ್ನಹಿಂದೆ ಅವರ ಗರಗಸ, ಉಳಿ, ಕೀಸುಳಿಗಳನ್ನು ಮಾಡುವ ಕಮ್ಮಾರರು ನೆಲೆಸಿದರು. ಕಟ್ಟಡದ ಕೆಲಸ ಮುಗಿದಮೇಲೆ ಬಡಗಿಗಳು ಹೊರ ಊರುಗಳಿಗೆ ದುಡಿಯಹೋದಾಗ ಅವರ ಕೈಯ ಸಲಕರಣೆಗಳನ್ನು ಕಂಡವರು ಇವನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳದಿರಲಿಲ್ಲ. ಹೀಗೆ ಮಿಕಿಯ ಹೆಸರು ಒಸಾಕಕ್ಕೂ ಎಡೊ ನಗರಕ್ಕೂ ಹಬ್ಬಿತು. ಗರಗಸ, ಉಳಿ, ಕೀಸುಳಿ, ಗಾರೆಯ ಕರಣೆ, ಕಿರುಗತ್ತಿ ಈ ಐದು ಇಂದಿಗೂ ಆ ಊರಿನ ಮುಖ್ಯ ಸರಕುಗಳು. 1996ರಲ್ಲಿ ಜಪಾನ್ ಸರ್ಕಾರವು ಇವನ್ನು ಸಾಂಪ್ರದಾಯಿಕ ಕುಶಲಕಲೆಯೆಂದು ಅಂಗೀಕರಿಸಿತು. ಮೂರು ನೂರು ವರ್ಷಗಳ ಕಾಲ ಬಡಗಿಯ ಬೇಡಿಕೆಗೆ ಉಕ್ಕನ್ನು ಬಡಿದ ಊರಿನಲ್ಲಿ ಹುಟ್ಟಿದ ಚೂರಿಯನ್ನು ಅಸಿಪುತ್ರಿಯೆನ್ನುವುದಕ್ಕಿಂತ ಉಳಿಯ ಮಗಳೆನ್ನುವುದೇ ಯುಕ್ತ.

1890ರ ದಶಕದಲ್ಲಿ ಮಿಕಿಯ ವರ್ತಕನೊಬ್ಬನು ದಕ್ಷಿಣದ ಕ್ಯೂಶೂ ದ್ವೀಪದ ಕಡೆಯಿಂದ ತಂದ ಚೂರಿಯೊಂದನ್ನು ನೋಡಿ, ಸ್ಥಳೀಯ ಕಮ್ಮಾರರು ಅದನ್ನು ತಿದ್ದಿ ಈ ಹೊಸ ಮಾದರಿಯನ್ನು ಮಾಡಿದರೆಂಬುದು ಆ ಊರಿನಲ್ಲಿ ನಡೆದುಬಂದಿರುವ ಹೇಳಿಕೆ. ಇದರಲ್ಲಿರುವುವು ಮೂರೇ ಅಂಗಗಳು: ಒಂದು ಅಲಗು, ತಗಡನ್ನು ಎರಡಾಗಿ ಮಡಿಸಿ ಮಾಡಿದ ಒಂದು ಹಿಡಿ, ಇವೆರಡನ್ನೂ ಕೂಡಿಸುವ ಒಂದು ರಿವೆಟ್ಟು. ಕಮಾನಿಲ್ಲ, ಕೀಲಿಲ್ಲ. ಅಲಗಿನ ಬುಡದಿಂದ ಒಂದು ಚಿಕ್ಕ ಬಾಲ ಹೊರಚಾಚಿಕೊಂಡಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಅಲಗು ತೆರೆಯುವುದು, ಒತ್ತಿ ಹಿಡಿದಿರುವವರೆಗೆ ಮಡಿಸಿಕೊಳ್ಳದು. ಅಂದರೆ ಈ ಚೂರಿಯ ಬೀಗ ಅದನ್ನು ಹಿಡಿದವನ ಹೆಬ್ಬೆರಳೇ. ಎಚ್ಚರ ತಪ್ಪಿದರೆ ಅದು ಬೆರಳಿಗೆ ಪಾಠ ಕಲಿಸದೆ ಬಿಡುವುದಿಲ್ಲ. ಉತ್ತಮ ಜಾತಿಯವುಗಳಲ್ಲಿ ಗಡುಸಾದ ಉಕ್ಕಿನ ಪಟ್ಟಿಯನ್ನು ಮೆದು ಕಬ್ಬಿಣದ ನಡುವೆ ಸೇರಿಸಿ ಬೆಸೆದಿರುತ್ತಾರೆ. ಬಾಯಿ ಹರಿತವಾಗಿಯೂ ಮೈ ಮುರಿಯದಂತೆಯೂ ಇರುವುದಕ್ಕೆ ಈ ಉಪಾಯ. ಮಸೆಯುವಾಗ ಅಲಗಿನ ಇಳಿಜಾರನ್ನು ಉಳಿಯ ಬಾಯಂತೆ ಸಾಣೆಕಲ್ಲಿನ ಮೇಲೆ ಪೂರ್ತಿಯಾಗಿ ಒರಗಿಸಿ ಉಜ್ಜಿದರಾಯಿತು, ಓರೆಯನ್ನು ಅಂದಾಜುಮಾಡುವ ತೊಂದರೆಯಿಲ್ಲ. ಒದ್ದೆ ತಾಗಿದರೆ ತುಕ್ಕು ಹಿಡಿಯುವುದರಿಂದ ಒರಸಿ ಎಣ್ಣೆ ಸವರಬೇಕು. ರಿವೆಟ್ಟು ಸಡಿಲವಾದರೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಬಿಗಿಮಾಡಬಹುದು.

ಸರಕು ಇಷ್ಟು ಸಾಧಾರಣವಾದರೂ ಹೆಸರು ಮಾತ್ರ ರಾಜಗಾಂಭೀರ್ಯದ್ದು. ಹಿಗೊ ಎಂಬುದು ಕ್ಯೂಶೂವಿನಲ್ಲಿ ಈಗಿನ ಕುಮಮೊತೊ ಪ್ರಾಂತಕ್ಕಿದ್ದ ಹಳೆಯ ಹೆಸರು. ಕಾಮಿಯೆಂದರೆ ಇಲ್ಲಿ ಅಧಿಪತಿ. ಚಕ್ರವರ್ತಿಯ ಆಸ್ಥಾನವು ಇಂತಹ ಬಿರುದುಗಳನ್ನು ಕೊಡುತ್ತಿತ್ತು. ಕಾಲಕ್ರಮದಲ್ಲಿ ಬಿರುದಿಗೂ ಸೀಮೆಗೂ ಸಂಬಂಧವೇ ಇಲ್ಲವಾಯಿತು. 19ನೆಯ ಶತಮಾನದ ಮಧ್ಯದಲ್ಲಿ ಹಿಗೊನೊಕಾಮಿ ಬಿರುದನ್ನು ಧರಿಸಿದ್ದ ಮತ್ಸುದೈರ ಕತಮೊರಿಯು ಆಳುತ್ತಿದ್ದುದು ದೇಶದ ಇನ್ನೊಂದು ತುದಿಯಾದ ಈಶಾನ್ಯದ ಅಯಿಜು ಸೀಮೆಯನ್ನು. ಖಡ್ಗ ಮಾಡುವ ಪ್ರಸಿದ್ಧ ಕಮ್ಮಾರರೂ ಇಂತಹ ಬಿರುದುಗಳನ್ನು ಪಡೆದು ತಮ್ಮ ಖಡ್ಗಗಳ ಹಿಡಿಯೊಳಗಿನ ಭಾಗದಲ್ಲಿ ಕೊರೆಯುತ್ತಿದ್ದರು. ಮಿಕಿಯ ವರ್ತಕರು ಚೂರಿಗೆ ಈ ಹೆಸರಿಟ್ಟುದು ಸರಕು ಕ್ಯೂಶೂವಿನ ಕಡೆ ಬಹಳವಾಗಿ ಮಾರಾಟವಾಗುತ್ತಿದ್ದುದರಿಂದ ಎನ್ನುತ್ತಾರೆ. ಹೇಗಾದರೂ ಆಗಲಿ, ಹಿಡಿಯ ಮೇಲೆ ಹಿಗೊನೊಕಾಮಿ ಎಂಬ ಲಿಪಿಯನ್ನು ಕಂಡ ಬಾಲಕನಿಗೆ ತಾನೊಬ್ಬ ಸಣ್ಣ ಸಮುರಾಯ್ ಎಂಬ ಭಾವನೆ ಹುಟ್ಟಿದ್ದರೆ ಆಶ್ಚರ್ಯವೇನು? ಚೂರಿಗೆ ಖಡ್ಗದ ನಂಟನ್ನು ಅಂಟಿಸಿದುದು ಈ ಹೆಸರೇ ಹೊರತು ಅದರ ಉಕ್ಕಲ್ಲ. 20ನೆಯ ಶತಮಾನದ ಆರಂಭದಲ್ಲಿ ತಯಾರಕರ ಸಂಘವು ಈ ಹೆಸರನ್ನು ಮುದ್ರೆಯಾಗಿ ನೋಂದಾಯಿಸಿಕೊಂಡಿತು. ಹೊರಗಿನವರು ಇದನ್ನೇ ಹೋಲುವ ಹೆಸರುಗಳನ್ನು ಹಾಕಿ ಮಾರತೊಡಗಿದರು. ಇಂದಿನ ಸಂಗ್ರಾಹಕರಿಗೆ ಅಸಲಿನಷ್ಟೇ ಈ ನಕಲುಗಳೂ ಪ್ರಿಯ. ಹಿಡಿಯ ಮೇಲಿನ ಅಕ್ಷರಗಳ ಭೇದವನ್ನು ನೋಡಿಯೇ ಅವರು ಜಾತಿಯನ್ನು ನಿರ್ಣಯಿಸುತ್ತಾರೆ.

ಸೀಸದ ಕಡ್ಡಿ ಶಾಲೆಗಳಿಗೆ ಬಂದಾಗ ಹಿಗೊನೊಕಾಮಿಯೂ ಮಕ್ಕಳ ಜೇಬಿಗೆ ಬಂದಿತು. ಹಲವು ತಲೆಮಾರಿನ ಜಪಾನೀ ಬಾಲಕರು ಇದರಿಂದ ಕಡ್ಡಿ ಹೆರೆದರು. ಬಿದಿರನ್ನು ಸೀಳಿ, ಅಂಗೈಗಳ ನಡುವೆ ತಿರುಗಿಸಿ ಮೇಲಕ್ಕೆ ಹಾರಿಸುವ ಬಿದಿರು ತುಂಬಿಯನ್ನು ಕೆತ್ತಿದರು. ಬೆರಳು ಕೊಯ್ದುಕೊಳ್ಳದವರಿಲ್ಲ. ಆದರೂ ಬಹುಕಾಲ ಯಾವ ಉಪಾಧ್ಯಾಯನಿಗೂ ಇದು ಆಯುಧವಾಗಿ ತೋರಲಿಲ್ಲ.

1960ರ ಅಕ್ಟೋಬರ್ 12ರಂದು ಟೋಕಿಯೋ ನಗರದ ಹಿಬಿಯ ಸಭಾಭವನದಲ್ಲಿ ಜಪಾನ್ ಸಮಾಜವಾದಿ ಪಕ್ಷದ ಅಧ್ಯಕ್ಷನಾದ ಅಸನುಮ ಇನೆಜಿರೊ ಭಾಷಣಮಾಡುತ್ತಿದ್ದನು. ಯಮಗುಚಿ ಒತೊಯ ಎಂಬ 17 ವರ್ಷದ ಹುಡುಗನು ವೇದಿಕೆಗೆ ನುಗ್ಗಿ ಎಲ್ಲರೂ ನೋಡುತ್ತಿರುವಂತೆಯೇ ಅವನನ್ನು ಇರಿದು ಕೊಂದನು. ಬಳಸಿದುದು ಹಳೆಯ ಕಾಲದ ಒಂದು ಕಿರಿಯ ಖಡ್ಗ. ದೇಶವೆಲ್ಲ ತಲ್ಲಣಿಸಿತು. ಎಳೆಯರ ಕೈಯಲ್ಲಿ ಅಲಗಿರಬಾರದೆಂಬ ಚಳವಳಿಯು ಊರೂರಿಗೆ ಹಬ್ಬಿ, ತಾಯಿತಂದೆಗಳೂ ಶಾಲೆಗಳೂ ಮಕ್ಕಳಿಂದ ಚೂರಿಗಳನ್ನು ಹಿಂತೆಗೆದುಕೊಂಡರು. ಆ ತಾಯಿತಂದೆಗಳ ಭಯವನ್ನು ಹಗುರವಾಗಿ ಕಾಣುವುದು ತರವಲ್ಲ. ಕೊಂದವನು ಅವರ ಮಕ್ಕಳಿಗಿಂತ ಕೆಲವೇ ವರ್ಷ ದೊಡ್ಡವನಾಗಿದ್ದನು. ಆದರೂ ಕೊಂದುದು ಖಡ್ಗ, ದಂಡ ತೆತ್ತುದು ಅದರ ಕುಲಕ್ಕೇ ಸೇರದ ಉಳಿಯ ಮಗಳು. 1876ರ ಆಜ್ಞೆ ಖಡ್ಗವನ್ನು ಸೊಂಟದಿಂದ ಬಿಡಿಸಿತ್ತಷ್ಟೆ, ಮನೆಗಳಿಂದ ಬಿಡಿಸಿರಲಿಲ್ಲ. ಕೊಟ್ಟ ಹೆಸರೇ ಕೊನೆಗೆ ಚೂರಿಗೆ ಉರುಳಾಯಿತೆಂದರೂ ಸಲ್ಲುವುದು.

ಇದೊಂದೇ ಕಾರಣವೆಂದೂ ಹೇಳಲಾಗದು. ಕಡ್ಡಿಯನ್ನು ತಾನೇ ಹೆರೆದುಕೊಡುವ ಯಂತ್ರಗಳು ಅದೇ ಕಾಲದಲ್ಲಿ ಮನೆಮನೆಗೂ ಬಂದುವು. ಆಯುಧಗಳ ಶಾಸನವೂ ಬಿಗಿಯಾಯಿತು. ಯೋಗ್ಯ ಕಾರಣವಿಲ್ಲದೆ 6 ಸೆಂಟಿಮೀಟರಿಗೆ ಮೀರಿದ ಅಲಗನ್ನು ಹೊರಗೆ ಒಯ್ಯುವುದು ಈಗ ಅಲ್ಲಿ ಅಪರಾಧ. ಮಿಕಿಯಲ್ಲಿ ಒಂದು ಕಾಲಕ್ಕೆ ಹಲವು ಹತ್ತು ಮನೆತನಗಳು ಮಾಡುತ್ತಿದ್ದ ಈ ಚೂರಿಯನ್ನು ಹಿಗೊನೊಕಾಮಿಯೆಂಬ ಮುದ್ರೆಯೊಡನೆ ಇಂದು ಮಾಡುತ್ತಿರುವುದು ನಗಾವೊ ಕನೆಕೊಮ ಎಂಬ ಒಂದೇ ಕಮ್ಮಟ. ಅಲ್ಲಿಂದ ಹೊರಟ ಚೂರಿಗಳಲ್ಲಿ ಬಹಳಷ್ಟು ಪರದೇಶದ ಸಂಗ್ರಾಹಕರ ಪೆಟ್ಟಿಗೆಗಳನ್ನು ಸೇರುತ್ತವೆ. ಕೆಲವರು ಅವುಗಳಿಂದ ಒಂದು ಸೇಬನ್ನೂ ಹೆಚ್ಚಿರಲಾರರು.

ನಾಗಾನೊ ಪ್ರಾಂತದ ಇಕೆದ ಎಂಬ ಊರಿನ ಒಂದು ಪ್ರಾಥಮಿಕ ಶಾಲೆಯು ಮಾತ್ರ 1980ರ ದಶಕದಲ್ಲಿ ಬೇರೆ ದಾರಿ ಹಿಡಿಯಿತು. ಶಾಲೆಗೆ ಹೊಸದಾಗಿ ಸೇರುವ ಮಕ್ಕಳ ಕೈಗೆ ಒಂದೊಂದು ಹಿಗೊನೊಕಾಮಿಯನ್ನು ಕೊಟ್ಟು, ಸೀಸದ ಕಡ್ಡಿಯನ್ನು ಅದರಿಂದಲೇ ಹೆರೆಯುವುದನ್ನು ಅಲ್ಲಿ ಕಲಿಸತೊಡಗಿದರು. ಬಾಲದ ಮೇಲೆ ಹೆಬ್ಬೆರಳನ್ನು ಎಲ್ಲಿಡಬೇಕು, ಎಷ್ಟು ಒತ್ತಬೇಕೆಂಬುದು ಆ ಮಕ್ಕಳ ಮೊದಲ ಪಾಠ.