ಆಹಾರ ತಜ್ಞರ (ಡಯಟಿಷಿಯನ್) ಅಂತರರಾಜ್ಯ ಪರವಾನಗಿ ಒಪ್ಪಂದ: ಅಮೆರಿಕ ಸಂಯುಕ್ತ ಸಂಸ್ಥಾನ

ಹಿನ್ನೆಲೆ
ಅಮೆರಿಕದಲ್ಲಿ ವೃತ್ತಿ ಪರವಾನಗಿ ನೀಡುವ ಅಧಿಕಾರವು ಆಯಾ ರಾಜ್ಯಗಳದ್ದಾಗಿರುತ್ತದೆ. ರೋಗಿಯು ಸಲಹೆ ಪಡೆಯುವ ಸಮಯದಲ್ಲಿ ಇರುವ ರಾಜ್ಯವನ್ನೇ ಸೇವೆ ನಡೆದ ಸ್ಥಳವೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಪರವಾನಗಿ ಕಡ್ಡಾಯವಿರುವ ರಾಜ್ಯದ ರೋಗಿಗೆ ಹೊರರಾಜ್ಯದಿಂದ ದೂರವಾಣಿ ಅಥವಾ ವಿಡಿಯೋ ಮೂಲಕ ಸಲಹೆ ನೀಡಲು ಸಹ ಅಲ್ಲಿನ ಅನುಮತಿ ಅವಶ್ಯಕ. ಈ ತೊಡಕನ್ನು ನಿವಾರಿಸಲು ರಾಜ್ಯ ಸರ್ಕಾರಗಳ ಮಂಡಳಿಯು ರಕ್ಷಣಾ ಇಲಾಖೆ ಹಾಗೂ ಪೋಷಣೆ ಮತ್ತು ಪಥ್ಯಶಾಸ್ತ್ರ ಅಕಾಡೆಮಿಯ ಸಹಯೋಗದಲ್ಲಿ ಮಾದರಿ ಶಾಸನವನ್ನು ಸಿದ್ಧಪಡಿಸಿತು. ಏಳು ರಾಜ್ಯಗಳು ಅಂಗೀಕರಿಸಿದಾಗ ಒಪ್ಪಂದವು ಜಾರಿಗೆ ಬರತಕ್ಕದ್ದೆಂದು ಅದರಲ್ಲಿ ವಿಧಿಸಲಾಗಿದೆ. 2024ರಲ್ಲಿ ನೆಬ್ರಾಸ್ಕ, ಅಲಬಾಮ ಮತ್ತು ಟೆನೆಸ್ಸಿ ರಾಜ್ಯಗಳು ಇದನ್ನು ಅಂಗೀಕರಿಸಿದವು.

ಒಪ್ಪಂದದ ಸ್ವರೂಪ
ವಾಸದ ರಾಜ್ಯದ ಪರವಾನಗಿಯ ಆಧಾರದ ಮೇಲೆ ಇತರ ಸದಸ್ಯ ರಾಜ್ಯಗಳಲ್ಲಿ ವೃತ್ತಿ ನಡೆಸುವ ಹಕ್ಕನ್ನು ಪಡೆಯಬಹುದಾಗಿದೆ. ಸದಸ್ಯರಲ್ಲದ ರಾಜ್ಯಗಳಿಗೆ ಇದು ಅನ್ವಯಿಸುವುದಿಲ್ಲ.

ಅರ್ಹತೆಗಳು
1. ಅರ್ಜಿದಾರರು ವಾಸದ ಸದಸ್ಯ ರಾಜ್ಯದಲ್ಲಿ ನಿರ್ಬಂಧರಹಿತ ಪರವಾನಗಿ ಹೊಂದಿರತಕ್ಕದ್ದು.
2. ಪಥ್ಯಶಾಸ್ತ್ರ ನೋಂದಣಿ ಆಯೋಗದ (ಸಿ.ಡಿ.ಆರ್.) ನೋಂದಣಿ ಅಥವಾ ಒಪ್ಪಂದದಲ್ಲಿ ಸೂಚಿಸಿದ ಪರ್ಯಾಯ ಶಿಕ್ಷಣ, ಮೇಲ್ವಿಚಾರಣೆಯ ತರಬೇತಿ ಮತ್ತು ಪರೀಕ್ಷೆ ಅಗತ್ಯ.
3. ನಿಗದಿತ ಶುಲ್ಕ ಪಾವತಿಸಿ, ಸೇವೆ ನೀಡುವ ರಾಜ್ಯವು ಕಾನೂನು ಪರೀಕ್ಷೆಯನ್ನು ವಿಧಿಸಿದ್ದಲ್ಲಿ ಅದರಲ್ಲಿ ಉತ್ತೀರ್ಣರಾಗತಕ್ಕದ್ದು.

ಗಮನಿಸಬೇಕಾದ ಅಂಶಗಳು
• ಸೇವೆ ನೀಡುವ ರಾಜ್ಯದ ಕಾನೂನಿಗೆ ತಜ್ಞರು ಬದ್ಧರಾಗಿರುತ್ತಾರೆ. ಆ ರಾಜ್ಯವು ತಾನು ನೀಡಿದ ಹಕ್ಕನ್ನು ಹಿಂಪಡೆಯಬಹುದು. ಮೂಲ ಪರವಾನಗಿಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ವಾಸದ ರಾಜ್ಯಕ್ಕೆ ಮಾತ್ರ ಇರುತ್ತದೆ.
• ಮೂಲ ಪರವಾನಗಿಯ ಅವಧಿ ಮುಗಿದಲ್ಲಿ ಅಥವಾ ಅದು ನಿರ್ಬಂಧಕ್ಕೊಳಪಟ್ಟಲ್ಲಿ ಎಲ್ಲ ರಾಜ್ಯಗಳಲ್ಲಿನ ಹಕ್ಕೂ ಇಲ್ಲವಾಗುತ್ತದೆ. ಆದ್ದರಿಂದ ನವೀಕರಣವನ್ನು ಸಕಾಲದಲ್ಲಿ ಮಾಡಿಸಿಕೊಳ್ಳುವುದು.
• ಸೇವೆಯಲ್ಲಿರುವ ಸೈನಿಕರು ಮತ್ತು ಅವರ ಪತಿ/ಪತ್ನಿಯರು ವರ್ಗಾವಣೆಯಾದರೂ ತಾವು ಘೋಷಿಸಿದ ವಾಸದ ರಾಜ್ಯವನ್ನು ಸೇವಾವಧಿಯಲ್ಲಿ ಉಳಿಸಿಕೊಳ್ಳಬಹುದು.

ಕರ್ನಾಟಕದಲ್ಲಿ ಪದವಿ ಪಡೆದವರ ಗಮನಕ್ಕೆ
ಭಾರತೀಯ ಪಥ್ಯಶಾಸ್ತ್ರ ಸಂಘದ ನೋಂದಣಿಯು ಅಮೆರಿಕದ ಸಿ.ಡಿ.ಆರ್. ನೋಂದಣಿಗೆ ಸಮಾನವಲ್ಲ, ಎರಡನ್ನೂ “ಆರ್.ಡಿ.” ಎಂದೇ ಸಂಕ್ಷೇಪಿಸುವುದರಿಂದ ಗೊಂದಲಕ್ಕೊಳಗಾಗಬಾರದು. ಭಾರತದ ಪದವಿಗೆ ಮೊದಲು ತತ್ಸಮಾನತೆಯ ಮೌಲ್ಯಮಾಪನ ಮಾಡಿಸತಕ್ಕದ್ದು. 2024ರ ಜನವರಿ 1ರಿಂದ ಸಿ.ಡಿ.ಆರ್. ಪರೀಕ್ಷೆಗೆ ಹೊಸದಾಗಿ ಅರ್ಹತೆ ಪಡೆಯಲು ಸ್ನಾತಕೋತ್ತರ ಪದವಿಯೂ ಕಡ್ಡಾಯವಾಗಿದೆ.

ಸೂಚನೆ: ಸೇವೆ ಆರಂಭಿಸುವ ಮುನ್ನ, ರೋಗಿಯಿರುವ ರಾಜ್ಯವು ಒಪ್ಪಂದದ ಸದಸ್ಯ ರಾಜ್ಯವೇ ಹಾಗೂ ಹಕ್ಕು ಮಂಜೂರಾಗಿದೆಯೇ ಎಂಬುದನ್ನು ಅಲ್ಲಿನ ಪರವಾನಗಿ ಮಂಡಳಿಯಿಂದ ದೃಢಪಡಿಸಿಕೊಳ್ಳುವುದು. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಹಕ್ಕು ಲಭಿಸುವುದಿಲ್ಲ.